ನಕಲು ಇದೆ, ಮರಳುವ ದಾರಿ ಇದೆಯೇ?

*ರೂಟ್ ಮಾಡಿದ ಫೋನಿನಲ್ಲಿ ಯಾವ ಕಡತವನ್ನು ಬೇಕಾದರೂ ನಕಲು ಮಾಡಿಕೊಳ್ಳಬಹುದು. ಆದರೆ ಹಾಗೆ ನಕಲಾದದ್ದೆಲ್ಲ ಹಿಂದಿರುಗಿ ಬಂದು ಮೊದಲಿನಂತೆ ಕೆಲಸ ಮಾಡುತ್ತಿದ್ದ ಕಾಲ ಮುಗಿದಿದೆ. ಏನನ್ನು ಉಳಿಸಿಕೊಳ್ಳಬೇಕು, ಹೇಗೆ ಮರಳಿಸಬೇಕು, ಯಾವುದು ಏನು ಮಾಡಿದರೂ ಮರಳದು?*

2008ರ ನವೆಂಬರ್ ತಿಂಗಳು. ಮೊತ್ತಮೊದಲ ಆಂಡ್ರಾಯ್ಡ್ ಫೋನು ಅಮೆರಿಕದ ಪೇಟೆಗೆ ಬಂದು ಕೆಲವೇ ವಾರಗಳಾಗಿದ್ದವು. ಎಚ್‌ಟಿಸಿ ಕಂಪನಿ ತಯಾರಿಸಿ, ಟಿ-ಮೊಬೈಲ್ ಜಿ1 ಎಂಬ ಹೆಸರಿನಲ್ಲಿ ಮಾರಾಟವಾಗುತ್ತಿದ್ದ ಆ ಫೋನಿಗೆ ಸರಿಸಿ ತೆರೆಯುವ ಕೀಬೋರ್ಡ್ ಇತ್ತು. ಅದನ್ನು ಕೊಂಡವನೊಬ್ಬ ಗೆಳತಿಗೆ ಉತ್ತರ ಬರೆಯುತ್ತ ‘ರೀಬೂಟ್’ ಎಂಬ ಇಂಗ್ಲಿಷ್ ಪದವನ್ನು ಟೈಪಿಸಿ ಎಂಟರ್ ಒತ್ತಿದ. ಫೋನು ನಿಜವಾಗಿಯೂ ರೀಬೂಟ್ ಆಗಿಬಿಟ್ಟಿತು!

ಕಾರಣ ಹುಡುಕಿದವರಿಗೆ ಅಚ್ಚರಿ ಕಾದಿತ್ತು. ಫೋನು ಚಾಲೂ ಆಗುವಾಗಲೇ ಹಿನ್ನೆಲೆಯಲ್ಲಿ ಒಂದು ಆಜ್ಞಾಕೋಶ ತೆರೆದುಕೊಳ್ಳುತ್ತಿತ್ತು. ಬಳಕೆದಾರ ಎಲ್ಲೇ ಏನೇ ಟೈಪಿಸಲಿ, ಆ ಅಕ್ಷರಗಳೆಲ್ಲ ಅಲ್ಲಿಗೂ ಹೋಗುತ್ತಿದ್ದವು. ಆ ಕೋಶಕ್ಕೆ ಇದ್ದದ್ದು ‘ರೂಟ್’ ಅಧಿಕಾರ, ಅಂದರೆ ಲಿನಕ್ಸ್ ವ್ಯವಸ್ಥೆಯಲ್ಲಿ ಯಾರ ಅಪ್ಪಣೆಯೂ ಬೇಡದ ಸರ್ವಾಧಿಕಾರ. ಗೂಗಲ್ ಆರ್‌ಸಿ30 ಎಂಬ ಅಪ್‌ಡೇಟ್ ಕಳಿಸಿ ಈ ತೂತನ್ನು ಮುಚ್ಚಿತು. ಅಷ್ಟರಲ್ಲಿ ಆಸಕ್ತರು ಒಳಗೆ ಹೊಕ್ಕಾಗಿತ್ತು. ಅಪ್‌ಡೇಟ್ ಆಗಿಹೋದವರು ಹಳೆಯ ಆರ್‌ಸಿ29 ಆವೃತ್ತಿಯನ್ನು ಮೆಮೊರಿ ಕಾರ್ಡಿಗೆ ಹಾಕಿ, ಫೋನನ್ನು ಹಿಂದಕ್ಕೆ ಇಳಿಸಿ, ಅದೇ ತೂತಿನಿಂದ ರೂಟ್ ಪಡೆದರು.

ಹೀಗೆ ‘ಹಿಂದಕ್ಕೆ ಇಳಿಸುವುದು’ ಅಂದು ಸಲೀಸಾಗಿತ್ತು ಎಂಬುದನ್ನು ನೆನಪಿಟ್ಟುಕೊಳ್ಳೋಣ. ಈ ಲೇಖನದ ಗಂಟು ಇರುವುದು ಅಲ್ಲೇ.

256 ಎಂಬಿಯ ಇಡೀ ಜಗತ್ತು

ಜಿ1 ಫೋನಿನ ಒಳ ಸಂಗ್ರಹ 256 ಎಂಬಿ. ಇವತ್ತು 256 ಜಿಬಿಯ ಫೋನು ಸಾಮಾನ್ಯ, ಅಂದರೆ ಸಾವಿರ ಪಟ್ಟಿಗೂ ಹೆಚ್ಚು. ಅಂದಿನ ಆ ಪುಟ್ಟ ಜಗತ್ತನ್ನು ಇಡಿಯಾಗಿ ಎತ್ತಿ ಮೆಮೊರಿ ಕಾರ್ಡಿಗೆ ಹಾಕಬಹುದಿತ್ತು. ಫೋನಿನ ಫ್ಲ್ಯಾಶ್ ಚಿಪ್‌ನ ಒಂದೊಂದು ಭಾಗವನ್ನೂ ಇದ್ದದ್ದು ಇದ್ದಂತೆ ನಕಲು ಮಾಡುವ ‘ನ್ಯಾಂಡ್ರಾಯ್ಡ್’ ಎಂಬ ಉಪಕರಣ ಬಂದದ್ದು ಆ ದಿನಗಳಲ್ಲೇ. ಮುಂದೆ ಕೌಶಿಕ್ ದತ್ತಾ ರೂಪಿಸಿದ ಕ್ಲಾಕ್‌ವರ್ಕ್‌ಮಾಡ್ ರಿಕವರಿ ಈ ಸೌಲಭ್ಯವನ್ನು ನೂರಾರು ಮಾದರಿಯ ಫೋನುಗಳಿಗೆ ತಲುಪಿಸಿತು. 2011ರಲ್ಲಿ ಶುರುವಾದ ಟೀಮ್ ವಿನ್ ರಿಕವರಿ ಪ್ರಾಜೆಕ್ಟ್, ಅಂದರೆ ಎಲ್ಲರೂ ‘ಟಿಡಬ್ಲ್ಯುಆರ್‌ಪಿ’ ಎನ್ನುವ ರಿಕವರಿ, ಅದನ್ನು ಬೆರಳಿಂದ ಒತ್ತುವ ಗುಂಡಿಗಳಿಗೆ ಇಳಿಸಿತು.

ರಿಕವರಿ ಎಂದರೆ ಆಂಡ್ರಾಯ್ಡ್ ಪಕ್ಕದಲ್ಲೇ ಕುಳಿತಿರುವ ಇನ್ನೊಂದು ಚಿಕ್ಕ ಕಾರ್ಯಾಚರಣ ವ್ಯವಸ್ಥೆ. ವಾಲ್ಯೂಮ್ ಮತ್ತು ಪವರ್ ಗುಂಡಿಗಳನ್ನು ಒಟ್ಟಿಗೆ ಒತ್ತಿದರೆ ಮುಖ್ಯ ಆಂಡ್ರಾಯ್ಡ್ ಏಳುವುದಿಲ್ಲ, ಇದು ಏಳುತ್ತದೆ. ಮುಖ್ಯ ವ್ಯವಸ್ಥೆ ಮಲಗಿರುವುದರಿಂದ ಅದರ ಕಡತಗಳು ಕದಲದೆ ಇರುತ್ತವೆ, ನಿಶ್ಚಿಂತೆಯಿಂದ ನಕಲು ಮಾಡಬಹುದು. ಹೊಸ ಕಸ್ಟಮ್ ರಾಮ್, ಅಂದರೆ ಕಂಪನಿಯದ್ದಲ್ಲದೆ ಬೇರೆಯವರು ಮಾರ್ಪಡಿಸಿದ ಆಂಡ್ರಾಯ್ಡ್, ಹಾಕಿ ನೋಡುವುದು, ಇಷ್ಟವಾಗದಿದ್ದರೆ ಬ್ಯಾಕಪ್ ರಿಸ್ಟೋರ್ ಮಾಡುವುದು, ಅರ್ಧ ಗಂಟೆಯಲ್ಲಿ ಹಳೆಯ ಫೋನು ಅದೇ ವಾಲ್‌ಪೇಪರ್, ಅದೇ ಮೆಸೇಜುಗಳ ಸಮೇತ ಎದ್ದು ಕೂರುವುದು. ಒಂದು ತಲೆಮಾರಿನ ಹವ್ಯಾಸಿಗಳು ಧೈರ್ಯದಿಂದ ಫೋನಿನೊಳಗೆ ಕೈಯಾಡಿಸಿದ್ದು ಈ ಒಂದು ಭರವಸೆಯ ಮೇಲೆ.

ನಮ್ಮಲ್ಲಿ ರೂಟ್ ಮಾಡಲು ಇನ್ನೊಂದು ಕಾರಣವೂ ಇತ್ತು. 2012ರ ಜೆಲ್ಲಿ ಬೀನ್ ಆವೃತ್ತಿ ಬರುವವರೆಗೆ ಬಹುಪಾಲು ಆಂಡ್ರಾಯ್ಡ್ ಫೋನುಗಳಲ್ಲಿ ಕನ್ನಡ ಬರೀ ಚೌಕದ ಡಬ್ಬಿಗಳಾಗಿ ಕಾಣುತ್ತಿತ್ತು. ಒಪೆರಾ ಮಿನಿ ಬ್ರೌಸರಿನ ಸೆಟ್ಟಿಂಗ್‌ನಲ್ಲಿ ಒಂದು ಗುಟ್ಟಿನ ಆಯ್ಕೆ ಬದಲಿಸಿ, ಅಕ್ಷರಗಳನ್ನು ಚಿತ್ರವಾಗಿ ತರಿಸಿಕೊಂಡು ಕನ್ನಡ ಓದಿದವರು ಅನೇಕರು. ಇನ್ನೂ ಒಂದು ಹೆಜ್ಜೆ ಮುಂದೆ ಹೋದವರು ಫೋನನ್ನು ರೂಟ್ ಮಾಡಿ, ಸಿಸ್ಟಮ್‌ನ ಫಾಂಟ್ ಫೋಲ್ಡರಿನಲ್ಲಿ ಕನ್ನಡ ಇರುವ ಫಾಂಟನ್ನು ತಂದು ಕೂರಿಸುತ್ತಿದ್ದರು. ಡಬ್ಬಿಗಳು ಹೋಗಿ ಅಕ್ಷರ ಬರುತ್ತಿತ್ತು, ಆದರೆ ಒತ್ತಕ್ಷರಗಳು ಒಡೆದು ಪಕ್ಕಕ್ಕೆ ಬೀಳುತ್ತಿದ್ದವು. ಅಕ್ಷರ ಜೋಡಿಸುವ ತಂತ್ರಾಂಶ ಕನ್ನಡ ಕಲಿತಿರದಿದ್ದಾಗ ಫಾಂಟ್ ಒಂದೇ ಏನು ಮಾಡೀತು? ಇಂಥ ಕೆಲಸದಲ್ಲಿ ಒಂದು ಕಡತದ ಅನುಮತಿ ತಪ್ಪಿದರೂ ಫೋನು ಲೋಗೋ ಪರದೆಯಲ್ಲೇ ಸುತ್ತುತ್ತ ಕೂರುವುದಿತ್ತು. ಆಗ ಕೈ ಹಿಡಿಯುತ್ತಿದ್ದದ್ದು ಮೊದಲೇ ತೆಗೆದಿಟ್ಟ ಬ್ಯಾಕಪ್.

ಫೋನಿನೊಳಗೆ ಮೂರು ಬಗೆಯ ಸರಕು

ಫೋನಿನ ಸಂಗ್ರಹ ಹೊರಗಿನಿಂದ ಒಂದೇ ಚಿಪ್. ಒಳಗೆ ಅದು ಹತ್ತಾರು ಪಾರ್ಟಿಷನ್‌ಗಳಾಗಿ ಹಂಚಿಹೋಗಿದೆ. ಬ್ಯಾಕಪ್ ದೃಷ್ಟಿಯಿಂದ ಅವನ್ನು ಮೂರು ಗುಂಪು ಮಾಡಿದರೆ ಅರ್ಧ ಗೊಂದಲ ಕಳೆಯುತ್ತದೆ.

ಮೊದಲ ಗುಂಪು, ಆ ಮಾದರಿಯ ಎಲ್ಲ ಫೋನುಗಳಲ್ಲೂ ಒಂದೇ ಆಗಿರುವ ಸರಕು. ಸಿಸ್ಟಮ್, ವೆಂಡರ್, ಬೂಟ್, ಮೋಡೆಮ್ ಫರ್ಮ್‌ವೇರ್ ಇವೆಲ್ಲ ಇದರಲ್ಲಿ ಬರುತ್ತವೆ. ಬೂಟ್‌ನಲ್ಲಿ ಲಿನಕ್ಸ್ ಕರ್ನೆಲ್ ಇರುತ್ತದೆ, ಸಿಸ್ಟಮ್‌ನಲ್ಲಿ ಆಂಡ್ರಾಯ್ಡ್ ತಾನೇ ಇರುತ್ತದೆ, ವೆಂಡರ್‌ನಲ್ಲಿ ಕ್ಯಾಮೆರಾ, ಸ್ಪೀಕರುಗಳಂಥ ಯಂತ್ರಾಂಶವನ್ನು ಮಾತಾಡಿಸುವ ಚಾಲಕ ತಂತ್ರಾಂಶಗಳಿರುತ್ತವೆ. ಇವು ಕಳೆದುಹೋದರೆ ಕಂಪನಿಯ ಫರ್ಮ್‌ವೇರ್ ಇಳಿಸಿಕೊಂಡು ಮತ್ತೆ ತುಂಬಬಹುದು. ಪಿಕ್ಸೆಲ್ ಫೋನುಗಳ ಪೂರ್ತಿ ಇಮೇಜುಗಳನ್ನು, ಅಂದರೆ ಪಾರ್ಟಿಷನ್‌ಗಳ ಯಥಾನಕಲುಗಳನ್ನು, ಗೂಗಲ್ ಸ್ವತಃ ಪ್ರಕಟಿಸುತ್ತದೆ, ಶಿಯೋಮಿ ಫೋನುಗಳಿಗೆ ಫಾಸ್ಟ್‌ಬೂಟ್ ಎಂಬ ಉಪಕರಣದ ಮೂಲಕ ಕಂಪ್ಯೂಟರಿನಿಂದ ತುಂಬುವ ಫಾಸ್ಟ್‌ಬೂಟ್ ರಾಮ್ ಸಿಗುತ್ತದೆ.

ಎರಡನೆಯದು, ಆ ಒಂದು ಫೋನಿನಲ್ಲಿ ಮಾತ್ರ ಇರುವ ಸರಕು. ಸ್ಯಾಮ್‌ಸಂಗ್‌ನಲ್ಲಿ ಇಎಫ್‌ಎಸ್, ಕ್ವಾಲ್‌ಕಾಮ್ ಚಿಪ್ ಇರುವ ಫೋನುಗಳಲ್ಲಿ ಮೋಡೆಮ್‌ಎಸ್‌ಟಿ1 ಮತ್ತು ಮೋಡೆಮ್‌ಎಸ್‌ಟಿ2, ಮೀಡಿಯಾಟೆಕ್ ಫೋನುಗಳಲ್ಲಿ ಎನ್‌ವಿರಾಮ್ ಎಂಬ ಹೆಸರಿನ ಪಾರ್ಟಿಷನ್‌ಗಳು. ಫೋನಿನ 15 ಅಂಕಿಯ ಐಎಂಇಐಗೆ ಸಂಬಂಧಿಸಿದ ಮಾಹಿತಿ, ರೇಡಿಯೊ ತರಂಗಗಳಿಗೆ ಕಾರ್ಖಾನೆಯಲ್ಲಿ ಮಾಡಿದ ಹೊಂದಾಣಿಕೆ ಇರುವುದು ಇಲ್ಲಿ. ‘ಪರ್ಸಿಸ್ಟ್’ ಎಂಬ ಇನ್ನೊಂದು ಪಾರ್ಟಿಷನ್‌ನಲ್ಲಿ ಸಂವೇದಕಗಳ ಹೊಂದಾಣಿಕೆ, ವೀಡಿಯೊ ಹಕ್ಕುರಕ್ಷಣೆಯ ಕೀಲಿಗಳಂಥವು ಇರುತ್ತವೆ. ಇವುಗಳ ಗಾತ್ರ ಕೆಲವೇ ಎಂಬಿ, ಆದರೆ ಜಗತ್ತಿನ ಯಾವ ಸರ್ವರ್‌ನಲ್ಲೂ ಇಳಿಸಿಕೊಳ್ಳಲು ಸಿಗುವುದಿಲ್ಲ.

ಮೂರನೆಯದು ನಿಮ್ಮದೇ ಸರಕು. ‘ಯೂಸರ್‌ಡೇಟಾ’ ಪಾರ್ಟಿಷನ್‌ನಲ್ಲಿ ಕೂತಿರುವ ಫೋಟೊ, ಮೆಸೇಜು, ಆ್ಯಪ್‌ಗಳ ಒಳಗಿನ ದತ್ತಾಂಶ.

ಸೋಜಿಗವೆಂದರೆ ಬ್ಯಾಕಪ್ ಎಂದೊಡನೆ ಹೊಸಬರು ಮೊದಲು ಗುರುತು ಹಾಕುವುದು ಸಿಸ್ಟಮ್‌ಗೆ, ಕೊನೆಗೂ ನೆನಪಾಗದೆ ಉಳಿಯುವುದು ಇಎಫ್‌ಎಸ್. ಮನೆಗೆ ನೀರು ನುಗ್ಗುವಾಗ ಅಕ್ಕಿ ಮೂಟೆಯನ್ನು ಅಟ್ಟಕ್ಕೆ ಹೊತ್ತು, ಆಸ್ತಿಪತ್ರದ ಪೆಟ್ಟಿಗೆಯನ್ನು ನೆಲದಲ್ಲೇ ಬಿಟ್ಟಂತೆ ಇದು.

ಇಎಫ್‌ಎಸ್ ಹಾಳಾದದ್ದು ಗೊತ್ತಾಗುವ ಬಗೆಯೂ ಸರಳ. ಸಿಮ್ ಇದ್ದರೂ ಸಿಗ್ನಲ್ ಇರುವುದಿಲ್ಲ. *#06# ಒತ್ತಿದರೆ ಐಎಂಇಐ ಜಾಗ ಖಾಲಿ, ಇಲ್ಲವೇ ಸೊನ್ನೆಗಳ ಸಾಲು. ಆಗ ಮೊದಲೇ ತೆಗೆದಿಟ್ಟ ಇಮೇಜ್ ಇದ್ದರೆ ಅದನ್ನು ಅದೇ ಪಾರ್ಟಿಷನ್‌ಗೆ ಬರೆದು ಫೋನನ್ನು ಉಳಿಸಿಕೊಳ್ಳಬಹುದು. ಇಲ್ಲದಿದ್ದರೆ ಸರ್ವಿಸ್ ಸೆಂಟರೇ ಗತಿ. ಗೆಳೆಯನ ಫೋನಿನದ್ದನ್ನು ತಂದು ಹಾಕಿಕೊಳ್ಳಬಹುದಲ್ಲ ಎಂಬ ಸಲಹೆ ಕೊಡುವವರಿದ್ದಾರೆ. ಅದು ತಂತ್ರಜ್ಞಾನದ ದೃಷ್ಟಿಯಿಂದಲೂ ತಪ್ಪು, ಕಾನೂನಿನ ದೃಷ್ಟಿಯಿಂದ ಅಪರಾಧ. ಐಎಂಇಐ ತಿದ್ದುವುದನ್ನು ನಿಷೇಧಿಸುವ ನಿಯಮಗಳನ್ನು ಕೇಂದ್ರ ಸರ್ಕಾರ 2017ರಲ್ಲಿ ಹೊರಡಿಸಿತು. ಉದ್ದೇಶಪೂರ್ವಕವಾಗಿ ತಿದ್ದಿದರೆ 3 ವರ್ಷದವರೆಗೆ ಸೆರೆವಾಸಕ್ಕೆ ಅವಕಾಶವಿದೆ. ನಿಮ್ಮ ಫೋನಿನ ಇಎಫ್‌ಎಸ್ ನಿಮ್ಮ ಫೋನಿಗೆ ಮಾತ್ರ.

ಟಿಡಬ್ಲ್ಯುಆರ್‌ಪಿಯ ಮೌನಗಳು

ರಿಕವರಿಯ ಬ್ಯಾಕಪ್ ಪುಟ ನೋಡಲು ಸರಳ. ಬೇಕಾದ ಪಾರ್ಟಿಷನ್‌ಗಳಿಗೆ ಗುರುತು ಹಾಕಿ, ಕೆಳಗಿನ ಪಟ್ಟಿಯನ್ನು ಎಳೆದರೆ ಕೆಲಸ ಶುರು. ಟಿಡಬ್ಲ್ಯುಆರ್‌ಪಿ ಫೋನಿನ ಸೀರಿಯಲ್ ಸಂಖ್ಯೆಯ ಹೆಸರಿನಲ್ಲಿ ಫೋಲ್ಡರ್ ಮಾಡಿ, ಅದರೊಳಗೆ ದಿನಾಂಕದ ಫೋಲ್ಡರ್ ಮಾಡಿ ಕಡತಗಳನ್ನು ಇಡುತ್ತದೆ. ದೊಡ್ಡ ಕಡತವಾದರೆ ತುಂಡು ತುಂಡು ಮಾಡುತ್ತದೆ, ಏಕೆಂದರೆ ಮೆಮೊರಿ ಕಾರ್ಡುಗಳ ಹಳೆಯ ಫ್ಯಾಟ್32 ವಿನ್ಯಾಸದಲ್ಲಿ 4 ಜಿಬಿ ಮೀರಿದ ಕಡತ ಹಿಡಿಸದು. ಪ್ರತಿ ತುಂಡಿನ ಜೊತೆಗೂ ಅದರ ಚೆಕ್‌ಸಮ್ ಬರೆದಿಡುತ್ತದೆ. ರಿಸ್ಟೋರ್ ಮಾಡುವಾಗ ಅದನ್ನು ತಾಳೆ ನೋಡಿದರೆ ಕಡತ ಹಾಳಾಗಿದೆಯೇ ಎಂದು ಗೊತ್ತಾಗುತ್ತದೆ.

ಇಷ್ಟೆಲ್ಲ ಮಾಡುವ ಈ ಉಪಕರಣ ಕೆಲವು ವಿಷಯಗಳನ್ನು ಗಟ್ಟಿಯಾಗಿ ಹೇಳುವುದಿಲ್ಲ. ‘ಡೇಟಾ’ ಎಂದು ಗುರುತು ಹಾಕಿದರೆ ಆ್ಯಪ್‌ಗಳ ದತ್ತಾಂಶ ಬರುತ್ತದೆ, ಆದರೆ ಫೋಟೊ, ವೀಡಿಯೊ, ಡೌನ್‌ಲೋಡ್ ಇರುವ ಒಳ ಸಂಗ್ರಹದ ಭಾಗವನ್ನು ಅದು ಬಿಟ್ಟೇ ಬಿಡುತ್ತದೆ. ಬ್ಯಾಕಪ್ ಕಡತ ಕೂಡ ಸಾಮಾನ್ಯವಾಗಿ ಅದೇ ಒಳ ಸಂಗ್ರಹದಲ್ಲೇ ಕೂರುತ್ತದೆ. ಆಮೇಲೆ ‘ಫಾರ್ಮ್ಯಾಟ್ ಡೇಟಾ’ ಒತ್ತಿದರೆ ಫೋಟೊ ಜೊತೆಗೆ ಬ್ಯಾಕಪ್ಪೂ ಹೋಯಿತು. ಒಂದೇ ಆ್ಯಪ್‌ನ ಎರಡು ಪ್ರತಿ ಓಡಿಸುವ ಸೌಲಭ್ಯ ಬಳಸಿದ್ದರೆ, ಆ ಎರಡನೆಯ ಪ್ರತಿ ಹಲವು ಫೋನುಗಳಲ್ಲಿ 999 ಎಂಬ ಬೇರೊಬ್ಬ ಬಳಕೆದಾರನ ಹೆಸರಿನಲ್ಲಿ ಇರುತ್ತದೆ. ಅದನ್ನು ಓದಲಾಗದೆ ಬ್ಯಾಕಪ್ ಅರ್ಧಕ್ಕೇ ನಿಂತು ‘ಎರರ್ 255’ ತೋರಿಸುವುದು ಎಷ್ಟೋ ಜನರ ಅನುಭವ.

ಇನ್ನೊಂದು ಮೌನ ಹೆಚ್ಚು ಅಪಾಯಕಾರಿ. ಫೋನಿನೊಳಗಿನ ದತ್ತಾಂಶ ಎನ್‌ಕ್ರಿಪ್ಟ್ ಆಗಿರುತ್ತದೆ. ಟಿಡಬ್ಲ್ಯುಆರ್‌ಪಿ ನಿಮ್ಮ ಪಿನ್ ಕೇಳಿ, ಅದನ್ನು ಬಿಡಿಸಿ ಓದಿ, ಬ್ಯಾಕಪ್ ಕಡತಕ್ಕೆ ತುಂಬುತ್ತದೆ. ಪಾಸ್‌ವರ್ಡ್ ಹಾಕುವ ಆಯ್ಕೆಯನ್ನು ನೀವೇ ಬಳಸದಿದ್ದರೆ ಆ ಕಡತಕ್ಕೆ ಯಾವ ಬೀಗವೂ ಇಲ್ಲ. ಲಾಗಿನ್ ಟೋಕನ್‌ಗಳು, ಮೆಸೇಜುಗಳು, ವೈಫೈ ಪಾಸ್‌ವರ್ಡುಗಳು ಎಲ್ಲ ಇರುವ ಆ ಫೋಲ್ಡರನ್ನು ಮನೆಯವರೆಲ್ಲ ಬಳಸುವ ಪೆನ್‌ಡ್ರೈವ್‌ಗೆ ಹಾಕಿಡುವುದು ಫೋನಿನ ಪಿನ್ ತೆಗೆದು ಹಾಕಿದ್ದಕ್ಕೆ ಸಮ.

ಕೀಲಿ ಚಿಪ್‌ನೊಳಗೆ

ಹಳೆಯ ಭರವಸೆ ಮುರಿದದ್ದು ಎನ್‌ಕ್ರಿಪ್ಷನ್‌ನಿಂದ. ಮೊದಮೊದಲು ಇಡೀ ಪಾರ್ಟಿಷನ್‌ಗೆ ಒಂದೇ ಬೀಗ ಇರುತ್ತಿತ್ತು. 2016ರ ಆಂಡ್ರಾಯ್ಡ್ 7 ಕಡತ ಕಡತಕ್ಕೂ ಪ್ರತ್ಯೇಕ ಬೀಗದ ವಿಧಾನ ತಂದಿತು. ಆಂಡ್ರಾಯ್ಡ್ 10ರೊಂದಿಗೆ ಬಿಡುಗಡೆಯಾಗುವ ಹೊಸ ಫೋನುಗಳಿಗೆ ಅದು ಕಡ್ಡಾಯವಾಯಿತು. ಆಂಡ್ರಾಯ್ಡ್ 13ರಲ್ಲಿ ಹಳೆಯ ವಿಧಾನವನ್ನು ಪೂರ್ತಿ ತೆಗೆದೇ ಹಾಕಲಾಯಿತು.

ಈ ಬೀಗಗಳ ಮೂಲ ಕೀಲಿ ಇರುವುದು ಪ್ರೊಸೆಸರ್‌ನ ಒಳಗಿನ ಸುರಕ್ಷಿತ ಕೋಣೆಯೊಂದರ ಆಶ್ರಯದಲ್ಲಿ. ನಿಮ್ಮ ಪಿನ್ ಮತ್ತು ಆ ಚಿಪ್‌ಗೆ ಮಾತ್ರ ಗೊತ್ತಿರುವ ಗುಟ್ಟು ಎರಡೂ ಕೂಡಿದರೆ ಮಾತ್ರ ದತ್ತಾಂಶ ತೆರೆಯುತ್ತದೆ. ರೂಟ್ ಅಧಿಕಾರ ಆಂಡ್ರಾಯ್ಡ್‌ಗೆ ದೊರೆ, ಆದರೆ ಆ ಕೋಣೆಯ ಬಾಗಿಲಲ್ಲಿ ಅದೂ ಹೊರಗೇ ನಿಲ್ಲಬೇಕು.

ಇದರ ಪರಿಣಾಮ ಏನು? ‘ಡಿಡಿ’ ಎಂಬ ಹಳೆಯ ಯುನಿಕ್ಸ್ ಆಜ್ಞೆಯಿಂದ ಯೂಸರ್‌ಡೇಟಾ ಪಾರ್ಟಿಷನ್ನನ್ನು ಒಂದಿಷ್ಟೂ ಬಿಡದೆ ಕಂಪ್ಯೂಟರಿಗೆ ನಕಲು ಮಾಡಿಕೊಳ್ಳಬಹುದು. 128 ಜಿಬಿಯ ಕಡತ ಕಣ್ಣೆದುರಿಗೇ ಇರುತ್ತದೆ. ಆದರೆ ನಡುವೆ ಒಮ್ಮೆ ಫೋನನ್ನು ಫ್ಯಾಕ್ಟರಿ ರೀಸೆಟ್ ಮಾಡಿದರೆ ಹಳೆಯ ಕೀಲಿ ನಾಶವಾಗಿ ಹೊಸದು ಹುಟ್ಟುತ್ತದೆ. ಹಳೆಯ ಇಮೇಜನ್ನು ಒಂದಕ್ಷರ ತಪ್ಪದೆ ವಾಪಸ್ ಬರೆದರೂ ಅದನ್ನು ತೆರೆಯುವವರು ಯಾರೂ ಇಲ್ಲ. ಬೇರೆ ಫೋನಿಗೆ ಹಾಕುವ ಮಾತಂತೂ ದೂರವೇ ಉಳಿಯಿತು. ನಕಲು ಮಾಡುವ ಅಧಿಕಾರವೇ ಬೇರೆ, ಮರಳಿಸುವ ಅಧಿಕಾರವೇ ಬೇರೆ. ಮೊದಲನೆಯದು ರೂಟ್ ಮಾಡಿದವನ ಕೈಗೆ ಬಂತು, ಎರಡನೆಯದು ಚಿಪ್‌ನೊಳಗೆ ಹೋಗಿ ಕೂತಿತು.

ಇದೇ ಮಾತು ಬಿಡಿ ಬಿಡಿ ಆ್ಯಪ್‌ಗಳಿಗೂ ಅನ್ವಯ. ಒಂದು ಕಾಲಕ್ಕೆ ಟೈಟಾನಿಯಂ ಬ್ಯಾಕಪ್ ಎಂಬ ಆ್ಯಪ್ ರೂಟ್ ಮಾಡಿದವರ ಮೊದಲ ಖರೀದಿಯಾಗಿತ್ತು. ಇಂದು ಆ ಜಾಗದಲ್ಲಿ ಸ್ವಿಫ್ಟ್ ಬ್ಯಾಕಪ್, ಮುಕ್ತ ತಂತ್ರಾಂಶವಾದ ನಿಯೋ ಬ್ಯಾಕಪ್ ಮುಂತಾದವು ಇವೆ. ಇವು ಆ್ಯಪ್ ಮತ್ತು ಅದರ ಖಾಸಗಿ ಫೋಲ್ಡರನ್ನು ಎತ್ತಿಟ್ಟು, ಹೊಸ ರಾಮ್‌ನಲ್ಲಿ ಮತ್ತೆ ಕೂರಿಸುತ್ತವೆ. ಆಟದ ಹಂತಗಳು, ಓದುತ್ತಿದ್ದ ಪುಸ್ತಕದ ಪುಟ, ಟಿಪ್ಪಣಿಗಳು ಎಲ್ಲ ಸಲೀಸಾಗಿ ಬರುತ್ತವೆ. ಆದರೆ ತನ್ನ ಕೀಲಿಯನ್ನು ಆಂಡ್ರಾಯ್ಡ್‌ನ ಕೀಸ್ಟೋರ್‌ನಲ್ಲಿ, ಅಂದರೆ ಅದೇ ಸುರಕ್ಷಿತ ಕೋಣೆಯ ಆಶ್ರಯದಲ್ಲಿ, ಇಟ್ಟಿರುವ ಆ್ಯಪ್ ಹೀಗೆ ಬರುವುದಿಲ್ಲ. ಸಿಗ್ನಲ್ ಮೆಸೆಂಜರ್ ಇದಕ್ಕೆ ಒಳ್ಳೆಯ ಉದಾಹರಣೆ. ಅದರ ಫೋಲ್ಡರನ್ನು ಪೂರ್ತಿ ಮರಳಿಸಿದರೂ ಕೀಲಿ ಇಲ್ಲದೆ ಮೆಸೇಜುಗಳು ತೆರೆಯುವುದಿಲ್ಲ. ಅದಕ್ಕೆ ಸಿಗ್ನಲ್‌ನದೇ ಬ್ಯಾಕಪ್ ಸೌಲಭ್ಯ ಬಳಸಬೇಕು. ವಾಟ್ಸ್‌ಆ್ಯಪ್‌ಗೂ ಅದರದೇ ಬ್ಯಾಕಪ್ ಸುರಕ್ಷಿತ ದಾರಿ. ಎರಡು ಹಂತದ ಲಾಗಿನ್‌ಗೆ ಅಂಕಿ ಕೊಡುವ ಅಥೆಂಟಿಕೇಟರ್ ಆ್ಯಪ್‌ಗಳಿಂದ ಮೊದಲೇ ಎಕ್ಸ್‌ಪೋರ್ಟ್ ಮಾಡಿಕೊಂಡಿರಬೇಕು.

ಯುಪಿಐ ಮತ್ತು ಬ್ಯಾಂಕಿನ ಆ್ಯಪ್‌ಗಳ ಕಥೆ ಇನ್ನೂ ಬಿಗಿ. ನೋಂದಾಯಿಸುವಾಗ ಅವು ನಿಮ್ಮ ಸಿಮ್‌ನಿಂದ ಒಂದು ಎಸ್ಸೆಮ್ಮೆಸ್ ಕಳಿಸಿ, ಆ ಸಿಮ್ ಮತ್ತು ಆ ಸಾಧನವನ್ನು ಒಂದಕ್ಕೊಂದು ಕಟ್ಟಿಹಾಕುತ್ತವೆ. ಬ್ಯಾಕಪ್‌ನಿಂದ ಅದನ್ನು ಎಬ್ಬಿಸಲು ಹೆಣಗುವುದಕ್ಕಿಂತ ಹೊಸದಾಗಿ ನೋಂದಾಯಿಸಿಕೊಳ್ಳುವುದೇ ಲೇಸು. ರೂಟ್ ಆದ ಫೋನಿನಲ್ಲಿ ಅಂಥ ಆ್ಯಪ್ ನಡೆಯುತ್ತದೆಯೇ ಎಂಬುದು ಬೇರೆಯೇ ಪ್ರಶ್ನೆ. ಸಾಧನದ ನಂಬಿಕೆಯನ್ನು ಪರೀಕ್ಷಿಸುವ ಗೂಗಲ್‌ನ ಪ್ಲೇ ಇಂಟೆಗ್ರಿಟಿ ವ್ಯವಸ್ಥೆ ಬೂಟ್‌ಲೋಡರ್‌ನ, ಅಂದರೆ ಫೋನು ಏಳುವಾಗ ಆಂಡ್ರಾಯ್ಡ್‌ಗಿಂತ ಮೊದಲು ಓಡುವ ತಂತ್ರಾಂಶದ, ಬೀಗ ತೆರೆದ ಫೋನನ್ನು ಅನುಮಾನದಿಂದಲೇ ನೋಡುತ್ತದೆ.

ಹಿಂದಕ್ಕೆ ಇಳಿಯುವ ಮೆಟ್ಟಿಲು ಕಿತ್ತಾಗ

ಜಿ1 ಕಾಲದಲ್ಲಿ ಹಳೆಯ ಆವೃತ್ತಿಗೆ ಇಳಿಯುವುದು ಸಲೀಸಾಗಿತ್ತಷ್ಟೆ? ಹತ್ತು ವರ್ಷ ಕಳೆದು, 2018ರಲ್ಲಿ, ಭಾರತದಲ್ಲಿ ಬಿಸಿ ದೋಸೆಯಂತೆ ಖರ್ಚಾಗುತ್ತಿದ್ದ ರೆಡ್ಮಿ ನೋಟ್ 5 ಪ್ರೊ ಫೋನಿನ ಮಾಲೀಕರಿಗೆ ಬೇರೆಯೇ ಅನುಭವವಾಯಿತು. ಹೊಸ ಅಪ್‌ಡೇಟ್‌ನೊಂದಿಗೆ ‘ಆ್ಯಂಟಿ ರೋಲ್‌ಬ್ಯಾಕ್’ ಎಂಬ ತಡೆ ಬಂತು. ಫೋನಿನೊಳಗೆ ಒಂದು ಸಂಖ್ಯೆ ಇರುತ್ತದೆ. ಕೆಲವು ಅಪ್‌ಡೇಟ್‌ಗಳೊಂದಿಗೆ ಅದು ಮೇಲಕ್ಕೆ ಏರುತ್ತದೆ, ಮತ್ತೆ ಇಳಿಯುವುದಿಲ್ಲ. ತುಂಬಲು ಹೊರಟ ಫರ್ಮ್‌ವೇರ್‌ನ ಸಂಖ್ಯೆ ಅದಕ್ಕಿಂತ ಕಡಿಮೆ ಇದ್ದರೆ ಫೋನು ಏಳಲು ನಿರಾಕರಿಸುತ್ತದೆ. ಶಿಯೋಮಿಯ ಆಂಡ್ರಾಯ್ಡ್ ರೂಪವಾದ ಎಂಐಯುಐನ ಹಳೆಯ ಆವೃತ್ತಿ ಚೆನ್ನಾಗಿತ್ತು ಎಂದು ಅದಕ್ಕೆ ಮರಳಲು ಹೋದವರ ಫೋನು ಬ್ರಿಕ್ ಆಯಿತು, ಅಂದರೆ ಚಾರ್ಜರ್ ಹಾಕಿದರೂ ಉಸಿರಿಲ್ಲದ ಇಟ್ಟಿಗೆಯಾಯಿತು. ಅಂಥ ಫೋನನ್ನು ಕ್ವಾಲ್‌ಕಾಮ್‌ನ ತುರ್ತು ಡೌನ್‌ಲೋಡ್ ಸ್ಥಿತಿಯಲ್ಲಿ ಎಬ್ಬಿಸಲು ಕಂಪನಿಯ ಅಧಿಕೃತ ಖಾತೆ ಬೇಕಾಗುತ್ತಿತ್ತು.

2022ರ ಆಗಸ್ಟ್‌ನಲ್ಲಿ ಗೂಗಲ್ ಕೂಡ ಇದೇ ದಾರಿ ಹಿಡಿಯಿತು. ಪಿಕ್ಸೆಲ್ 6, 6 ಪ್ರೊ ಮತ್ತು 6ಎ ಫೋನುಗಳು ಒಮ್ಮೆ ಆಂಡ್ರಾಯ್ಡ್ 13ಕ್ಕೆ ಏರಿದರೆ ಹಳೆಯ ಬೂಟ್‌ಲೋಡರ್ ಇರುವ ಆಂಡ್ರಾಯ್ಡ್ 12ಕ್ಕೆ ಇಳಿಯಲಾಗದು ಎಂದು ಅದು ಮೊದಲೇ ಎಚ್ಚರಿಸಿತು. ಆ ಎಚ್ಚರಿಕೆಯ ಹಿಂದೆ ಇನ್ನೊಂದು ಸೂಕ್ಷ್ಮವಿತ್ತು. 2016ರ ಮೊದಲ ಪಿಕ್ಸೆಲ್‌ನಿಂದ ಈಚೆಗೆ ಇಂಥ ಫೋನುಗಳಲ್ಲಿ ವ್ಯವಸ್ಥೆಗೆ ಎ ಮತ್ತು ಬಿ ಎಂಬ ಎರಡು ಸ್ಲಾಟ್ ಇರುತ್ತವೆ. ಅಪ್‌ಡೇಟ್ ಖಾಲಿ ಸ್ಲಾಟಿಗೆ ಬೀಳುತ್ತದೆ, ಎದ್ದು ನಿಲ್ಲದಿದ್ದರೆ ಫೋನು ತಾನಾಗಿ ಹಳೆಯ ಸ್ಲಾಟಿಗೆ ಮರಳುತ್ತದೆ. ಒಂದು ಬಗೆಯಲ್ಲಿ ಫೋನು ತನ್ನ ಬ್ಯಾಕಪ್ಪನ್ನು ತಾನೇ ಹೊತ್ತು ತಿರುಗುತ್ತದೆ. ಆದರೆ ಬಿ ಸ್ಲಾಟಿಗೆ ಆಂಡ್ರಾಯ್ಡ್ 13 ಹಾಕಿ, ಎ ಸ್ಲಾಟಿನಲ್ಲಿ ಹಳೆಯ ಬೂಟ್‌ಲೋಡರ್ ಉಳಿದಿದ್ದರೆ, ಹಾಗೆ ಹಿಂದಿರುಗುವಾಗಲೇ ಫೋನು ಏಳದೆ ಹೋಗಬಹುದು. ಹಾಗಾಗಿ ಕೈಯಾರೆ ಫ್ಲ್ಯಾಶ್ ಮಾಡುವವರು ಹೊಸ ಬೂಟ್‌ಲೋಡರನ್ನು ಎರಡೂ ಸ್ಲಾಟಿಗೆ ಹಾಕಬೇಕು ಎಂಬುದು ಗೂಗಲ್‌ನ ಸಲಹೆಯಾಗಿತ್ತು. ಕಾಪಾಡಲೆಂದೇ ಇದ್ದ ಎರಡನೆಯ ಸ್ಲಾಟ್ ಮುಳುವಾಗುವ ಸನ್ನಿವೇಶ ಅದು.

ಇದನ್ನೆಲ್ಲ ಕಂಪನಿಗಳ ಹಟ ಎಂದಷ್ಟೇ ಓದುವುದು ಸರಿಯಲ್ಲ. ಹಳೆಯ ಆವೃತ್ತಿಗೆ ಇಳಿಯಲು ಮಾಲೀಕನಿಗೆ ಬಿಟ್ಟರೆ ಫೋನು ಕದ್ದವನಿಗೂ ಬಿಟ್ಟಂತೆ. ಅವನು ಹಳೆಯ ತೂತು ಇರುವ ಆವೃತ್ತಿ ತುಂಬಿ ಒಳಗೆ ನುಗ್ಗುತ್ತಾನೆ, ಜಿ1 ಕಾಲದಲ್ಲಿ ಆಸಕ್ತರು ಮಾಡಿದ್ದೂ ಅದನ್ನೇ. ಬೀಗ ಬಿಗಿಯಾದಷ್ಟೂ ಕಳ್ಳನಿಗೆ ಕಷ್ಟ, ಕೀಲಿ ಕಳೆದುಕೊಂಡ ಯಜಮಾನನಿಗೂ ಕಷ್ಟ.

ಹಾಗಾದರೆ ಇಂದು ಮಾಡಬೇಕಾದ್ದೇನು?

ಮೊದಲ ಹೆಜ್ಜೆ ರೂಟ್ ಮಾಡುವುದಕ್ಕಿಂತ ಮುಂಚಿನದು. ಬೂಟ್‌ಲೋಡರ್ ಅನ್‌ಲಾಕ್ ಮಾಡಿದ ಕೂಡಲೇ ಫೋನಿನ ದತ್ತಾಂಶವೆಲ್ಲ ಅಳಿಸಿಹೋಗುತ್ತದೆ. ಅಂದರೆ ಅತಿ ಮುಖ್ಯವಾದ ಬ್ಯಾಕಪ್ಪನ್ನು ರೂಟ್ ಇಲ್ಲದೆಯೇ ತೆಗೆಯಬೇಕು. ಫೋಟೊಗಳನ್ನು ಕಂಪ್ಯೂಟರಿಗೆ ಹಾಕುವುದು, ಸಂಪರ್ಕ ಸಂಖ್ಯೆಗಳನ್ನು ಸಿಂಕ್ ಮಾಡುವುದು, ಮೆಸೆಂಜರ್‌ಗಳ ಸ್ವಂತ ಬ್ಯಾಕಪ್, ಅಥೆಂಟಿಕೇಟರ್‌ನ ಎಕ್ಸ್‌ಪೋರ್ಟ್ ಇಷ್ಟನ್ನು ಮುಗಿಸಬೇಕು. ಗೂಗಲ್‌ನ ತಾನೇ ಆಗುವ ಬ್ಯಾಕಪ್ ಎಲ್ಲ ನೋಡಿಕೊಳ್ಳುತ್ತದೆ ಎಂದು ಕೂರುವಂತಿಲ್ಲ. ಅದು ಒಂದು ಆ್ಯಪ್‌ಗೆ ಕೊಡುವ ಜಾಗ 25 ಎಂಬಿ, ಬ್ಯಾಕಪ್ಪೇ ಬೇಡ ಎನ್ನುವ ಹಕ್ಕು ಆ್ಯಪ್ ಬರೆದವರಿಗಿದೆ. ಸ್ಯಾಮ್‌ಸಂಗ್ ಫೋನಾದರೆ ಇನ್ನೊಂದು ವಿಷಯ ತಿಳಿದಿರಲಿ: ಅನಧಿಕೃತ ತಂತ್ರಾಂಶ ಹಾಕಿದೊಡನೆ ನಾಕ್ಸ್ ಎಂಬ ಸುರಕ್ಷಾ ವ್ಯವಸ್ಥೆಯ ಗುರುತು ಚಿಪ್‌ನಲ್ಲೇ ಸುಟ್ಟುಹೋಗುತ್ತದೆ. ಸೆಕ್ಯೂರ್ ಫೋಲ್ಡರ್‌ನಂಥ ಸೌಲಭ್ಯಗಳು ಶಾಶ್ವತವಾಗಿ ಹೋಗುತ್ತವೆ. ಅದಕ್ಕೆ ಯಾವ ಬ್ಯಾಕಪ್ಪೂ ಇಲ್ಲ.

ಎರಡನೆಯದು, ಮೂಲ ಬೂಟ್ ಇಮೇಜನ್ನು ಕಂಪ್ಯೂಟರಿನಲ್ಲಿ ಇಟ್ಟುಕೊಳ್ಳುವುದು. ಜಾನ್ ವು 2016ರಲ್ಲಿ ಬಿಡುಗಡೆ ಮಾಡಿದ ಮ್ಯಾಜಿಸ್ಕ್ ರೂಟ್ ಮಾಡುವ ರೀತಿಯನ್ನೇ ಬದಲಿಸಿತು. ಹಿಂದಿನಂತೆ ಸಿಸ್ಟಮ್ ಪಾರ್ಟಿಷನ್ನನ್ನು ತಿದ್ದದೆ, ಬೂಟ್ ಇಮೇಜ್ ಒಂದನ್ನೇ ಮಾರ್ಪಡಿಸಿ ಅದು ಕೆಲಸ ಸಾಧಿಸುತ್ತದೆ. ಆಂಡ್ರಾಯ್ಡ್ 13ರೊಂದಿಗೆ ಹೊರಬಂದ ಹೊಸ ಫೋನುಗಳಲ್ಲಿ ಸಾಮಾನ್ಯವಾಗಿ ಇನಿಟ್‌ಬೂಟ್ ಎಂಬ ಪ್ರತ್ಯೇಕ ಇಮೇಜ್ ಇರುತ್ತದೆ, ತಿದ್ದಬೇಕಾದದ್ದು ಅದನ್ನು. ಸಿಸ್ಟಮ್ ಮುಟ್ಟದೆ ಇರುವುದರಿಂದ ಅದರ ಬ್ಯಾಕಪ್ಪಿನ ಅಗತ್ಯವೂ ಹೋಯಿತು. ಫೋನಿನ ಈಗಿನ ಬಿಲ್ಡ್ ಸಂಖ್ಯೆಗೆ ಸರಿಯಾಗಿ ಹೊಂದುವ ಫರ್ಮ್‌ವೇರ್ ಇಳಿಸಿ, ಅದರೊಳಗಿನ ಬೂಟ್ ಇಮೇಜ್ ಬಿಡಿಸಿ ಇಟ್ಟುಕೊಂಡರೆ ಬಹುಪಾಲು ಬೂಟ್‌ಲೂಪ್‌ಗಳಿಗೆ, ಅಂದರೆ ಫೋನು ಲೋಗೋ ಪರದೆಯಲ್ಲೇ ಸುತ್ತುವ ಕಾಯಿಲೆಗೆ, ಮದ್ದು ಸಿಕ್ಕಿತು. ಫಾಸ್ಟ್‌ಬೂಟ್‌ನಿಂದ ಅದನ್ನು ವಾಪಸ್ ಬರೆದರೆ ರೂಟ್ ಹೋಗುತ್ತದೆ, ಫೋನು ಏಳುತ್ತದೆ, ದತ್ತಾಂಶ ಹಾಗೇ ಇರುತ್ತದೆ. ತೊಂದರೆ ಮ್ಯಾಜಿಸ್ಕ್ ಮಾಡ್ಯೂಲ್‌ನಿಂದ, ಅಂದರೆ ಅದಕ್ಕೆ ಸೇರಿಸಿಕೊಂಡ ಹೆಚ್ಚುವರಿ ತುಣುಕಿನಿಂದ, ಆದರೆ ಅಷ್ಟೂ ಬೇಡ. ಫೋನನ್ನು ಸೇಫ್ ಮೋಡ್‌ನಲ್ಲಿ ಒಮ್ಮೆ ಎಬ್ಬಿಸಿದರೆ ಮಾಡ್ಯೂಲ್‌ಗಳೆಲ್ಲ ಸುಮ್ಮನಾಗುತ್ತವೆ.

ಮೂರನೆಯದು, ರೂಟ್ ಸಿಕ್ಕ ಮೊದಲ ದಿನವೇ ಇಎಫ್‌ಎಸ್ ಅಥವಾ ಮೋಡೆಮ್‌ಎಸ್‌ಟಿ, ಮತ್ತು ಪರ್ಸಿಸ್ಟ್ ಪಾರ್ಟಿಷನ್‌ಗಳನ್ನು ಡಿಡಿ ಆಜ್ಞೆಯಿಂದ ನಕಲು ಮಾಡಿ ಫೋನಿನಿಂದ ಹೊರಗೆ, ಎರಡು ಬೇರೆ ಬೇರೆ ಕಡೆ ಇಡುವುದು. ಫೋನು ಆರೋಗ್ಯವಾಗಿ ಇರುವಾಗಲೇ ಇದು ಆಗಬೇಕು. ಹಾಳಾದ ಮೇಲೆ ತೆಗೆದ ನಕಲು ಹಾಳಾದದ್ದರ ನಕಲೇ. ಬರೆಯುವಾಗಲಂತೂ ಎಚ್ಚರ ಇಮ್ಮಡಿಯಾಗಬೇಕು. ಡಿಡಿ ಹೇಳಿದ್ದನ್ನು ಮಾಡುವ ಆಳು, ‘ಖಂಡಿತವೇ?’ ಎಂದು ಒಮ್ಮೆಯೂ ಕೇಳುವುದಿಲ್ಲ. ಪಾರ್ಟಿಷನ್ ಹೆಸರಿನಲ್ಲಿ ಒಂದಕ್ಷರ ತಪ್ಪಿದರೆ ಬೇರೆ ಯಾವುದೋ ಅಳಿಸಿಹೋಗುತ್ತದೆ.

ನಾಲ್ಕನೆಯದು ಆ್ಯಪ್‌ಗಳ ಬ್ಯಾಕಪ್. ಅದನ್ನು ಪಾಸ್‌ವರ್ಡ್ ಹಾಕಿ, ಫೋನಿನ ಹೊರಗೆ ಇಡಬೇಕು.

ಮರಳಿಸುವಾಗ ಕ್ರಮ ಮುಖ್ಯ. ಮೊದಲು ಫರ್ಮ್‌ವೇರ್, ಆ ಬಳಿಕ ಡೇಟಾ ಫಾರ್ಮ್ಯಾಟ್, ನಂತರ ಫೋನನ್ನು ಒಮ್ಮೆ ಶುದ್ಧವಾಗಿ ಏಳಲು ಬಿಟ್ಟು ಸಿಗ್ನಲ್, ವೈಫೈ, ಕ್ಯಾಮೆರಾ, ಐಎಂಇಐ ಸರಿಯಿವೆಯೇ ಎಂದು ನೋಡುವುದು. ಅದಾದ ಮೇಲೆ ರೂಟ್, ಕೊನೆಯಲ್ಲಿ ಆ್ಯಪ್‌ಗಳು. ಎಲ್ಲವನ್ನೂ ಒಟ್ಟಿಗೆ ಸುರಿದರೆ ತಪ್ಪಿದ್ದು ಎಲ್ಲಿ ಎಂದು ಹುಡುಕುವುದೇ ಕಷ್ಟ. ನೀವು ಹಾಕಿಕೊಂಡ ಆ್ಯಪ್‌ಗಳ ದತ್ತಾಂಶ ಒಂದು ಆವೃತ್ತಿಯಿಂದ ಇನ್ನೊಂದಕ್ಕೆ ಸಾಮಾನ್ಯವಾಗಿ ಹೊಂದುತ್ತದೆ. ಸಿಸ್ಟಮ್ ಆ್ಯಪ್‌ಗಳ ದತ್ತಾಂಶ, ಅದರಲ್ಲೂ ಹೊಸ ಆಂಡ್ರಾಯ್ಡ್‌ನದ್ದನ್ನು ಹಳೆಯದಕ್ಕೆ ಹಾಕಿದರೆ, ಫೋನಿನ ಮತಿಯೇ ಕೆಡುತ್ತದೆ. ರಿಕವರಿಯಿಂದ ಪೂರ್ತಿ ಡೇಟಾ ಮರಳಿಸುವವರು ಬ್ಯಾಕಪ್ ತೆಗೆಯುವ ಮುನ್ನ ಪಿನ್ ಮತ್ತು ಬೆರಳಚ್ಚು ಬೀಗ ತೆಗೆದಿರಬೇಕು. ಇಲ್ಲದಿದ್ದರೆ ಸರಿಯಾದ ಪಿನ್ ಹೊಡೆದರೂ ಫೋನು ತಪ್ಪೆನ್ನುವ ಸ್ಥಿತಿ ಬರುತ್ತದೆ.

ಇಷ್ಟೂ ಮಾಡಿದ ಮೇಲೆ ಒಂದು ಕೆಲಸ ಬಾಕಿ ಇರುತ್ತದೆ, ಹೆಚ್ಚಿನವರು ಅದನ್ನು ಮಾಡುವುದೇ ಇಲ್ಲ. ಕಷ್ಟ ಬರುವ ಮೊದಲು, ಬಿಡುವಿನ ಒಂದು ದಿನ, ಮುಖ್ಯವಲ್ಲದ ಒಂದೆರಡು ಆ್ಯಪ್‌ಗಳನ್ನು ಅಳಿಸಿ ಬ್ಯಾಕಪ್‌ನಿಂದ ಮರಳಿಸಿ ನೋಡುವುದು, ಇಮೇಜ್ ಕಡತಗಳ ಚೆಕ್‌ಸಮ್ ತಾಳೆ ನೋಡುವುದು, ಮೂಲ ಬೂಟ್ ಇಮೇಜ್ ಹಾಕಿ ಫೋನು ಏಳುತ್ತದೆಯೇ ಎಂದು ಪರೀಕ್ಷಿಸುವುದು. ಊಟಕ್ಕಿಲ್ಲದ ಉಪ್ಪಿನಕಾಯಿ ಭರಣಿ ತುಂಬ ಇದ್ದು ಏನು ಫಲ? ಮರಳಿಸಿ ನೋಡದ ಬ್ಯಾಕಪ್ಪೂ ಹಾಗೆಯೇ.

ರೂಟ್ ಮಾಡುವ ಹುಮ್ಮಸ್ಸಿನ ಜನ ಇವತ್ತು ಕಡಿಮೆಯಾಗಿದ್ದಾರೆ. ಕನ್ನಡ ಫಾಂಟಿಗಾಗಿ ಯಾರೂ ಫೋನು ಬಿಚ್ಚಬೇಕಿಲ್ಲ. ಈಗಲೂ ಫೋನಿನೊಳಗೆ ಕೈಯಾಡಿಸುವವರ ಕಾರಣಗಳು ಬೇರೆ: ಕಂಪನಿ ಅಪ್‌ಡೇಟ್ ನಿಲ್ಲಿಸಿದ ಹಳೆಯ ಫೋನಿಗೆ ಲೀನೇಜ್ ಓಎಸ್ ಎಂಬ ಕಸ್ಟಮ್ ರಾಮ್ ಹಾಕಿ ಇನ್ನೆರಡು ವರ್ಷ ನಡೆಸುವುದು, ಜಾಹೀರಾತು ತಡೆಯುವುದು, ಕುತೂಹಲ. ಕಾರಣ ಯಾವುದಾದರೂ ಆಗಲಿ, ‘ಬ್ಯಾಕಪ್ ತೆಗೆದಿದ್ದೀರಾ?’ ಎಂಬ ಪ್ರಶ್ನೆ ಸಾಲದು. ಇದರಲ್ಲಿ ಯಾವುದನ್ನು ಪೇಟೆಯಿಂದ ಮತ್ತೆ ತರಬಹುದು, ಯಾವುದನ್ನು ನಾನೇ ಮರಳಿಸಬಹುದು, ಯಾವುದು ಚಿಪ್ ಒಪ್ಪಿದರೆ ಮಾತ್ರ ಬರುತ್ತದೆ ಎಂದು ಮೂರು ಪಟ್ಟಿ ಬರೆದುಕೊಳ್ಳಿ. ಮೂರನೆಯ ಪಟ್ಟಿಯಲ್ಲಿ ಕಳೆದುಕೊಳ್ಳಲಾಗದ್ದು ಒಂದಾದರೂ ಇದ್ದರೆ, ಅದನ್ನು ಬೇರೆ ಕಡೆಗೆ ಸಾಗಿಸುವ ತನಕ ಬೂಟ್‌ಲೋಡರ್ ಅನ್‌ಲಾಕ್ ಮಾಡುವ ಕೆಲಸ ಮುಂದಕ್ಕೆ ಹೋಗಲಿ.